ಇದ್ದವರು, ಇರುವವರು

ಕೊಡಗಿನ ಪಾಲಿಬೆಟ್ಟದ ಕಡೆಯ ಮದುವೆಗಳಲ್ಲಿ ಪರಿಚಯ ಶುರುವಾಗುವುದು ಮನೆತನದಿಂದ. ಯಾವ ಒಕ್ಕ, ಪೂರ್ವಜರ ಐನ್‌ಮನೆ ಎಲ್ಲಿ, ತವರಾದ ತಾಮನೆ ಯಾವುದು ಎಂಬುದೆಲ್ಲ ಮುಗಿದ ಮೇಲೆ ಹಿರಿಯರ ಮಾತು ತಾವು ಓದಿದ ಊರಿನ ಕಡೆ ತಿರುಗುತ್ತದೆ. ಅಲ್ಲಿ ಎರಡು ಬಗೆಯ ಉತ್ತರ ಕೇಳುತ್ತ ಬಂದಿದ್ದೇನೆ. ‘ನಾನು ಮಂಗಳೂರಲ್ಲಿ ಹಾಸ್ಟೆಲಲ್ಲಿದ್ದೆ’ ಎಂದು ಒಬ್ಬರು ಹೇಳಿ ಮುಗಿಸುತ್ತಾರೆ. ಪಕ್ಕದಲ್ಲಿ ಕುಳಿತ, ಎಪ್ಪತ್ತು ದಾಟಿದ ಇನ್ನೊಬ್ಬರು ತಮ್ಮ ಕಾಲೇಜಿನ ಹೆಸರು ಹಿಡಿದು ‘ನಾವು ಅಲೋಶಿಯಸ್‌ನವರು’ ಎನ್ನುತ್ತಾರೆ. ಇಬ್ಬರೂ ಕಾಲೇಜು ಬಿಟ್ಟು ಅರ್ಧ ಶತಮಾನವಾಗಿರುತ್ತದೆ. ಒಬ್ಬರಿಗೆ ಮುಗಿದದ್ದು ಇನ್ನೊಬ್ಬರಿಗೆ ಮುಗಿದೇ ಇಲ್ಲ.

ಇದು ಪ್ರೀತಿ ಹೆಚ್ಚುಕಡಿಮೆ ಇರುವುದರಿಂದ ಆದದ್ದಲ್ಲ. ‘ಹಾಸ್ಟೆಲಲ್ಲಿದ್ದೆ’ ಎಂದವರ ಕಣ್ಣಿನಲ್ಲೂ ಅಷ್ಟೇ ನೀರು ನಿಲ್ಲುವುದನ್ನು ನೋಡಿದ್ದೇನೆ. ನನಗೆ ತೋರುವ ಕಾರಣ ಬೇರೆ. ಒಂದು ಕೂಟ ನಮ್ಮಿಂದ ಇನ್ನೂ ಏನನ್ನಾದರೂ ಕೇಳುವ ಹಕ್ಕು ಇಟ್ಟುಕೊಂಡಿದ್ದರೆ ನಾವು ಅದರವರು. ಕೇಳುವುದನ್ನು ನಿಲ್ಲಿಸಿದ ದಿನ ನಾವು ಅಲ್ಲಿ ಇದ್ದವರು, ಅಷ್ಟೆ.

ಅಮೆರಿಕದ ಕಾಲೇಜುಗಳಲ್ಲಿ ಫ್ರೆಟರ್ನಿಟಿ, ಸೊರೊರಿಟಿ ಎಂಬ ಕೂಟಗಳಿವೆ. ಮೊದಲನೆಯದು ಗಂಡು ಹುಡುಗರದು, ಎರಡನೆಯದು ಹೆಣ್ಣುಮಕ್ಕಳದು. ಹೆಸರು ಸಾಮಾನ್ಯವಾಗಿ ಎರಡೋ ಮೂರೋ ಗ್ರೀಕ್ ಅಕ್ಷರ. ಒಳಗೆ ಸೇರಿಸಿಕೊಳ್ಳುವಾಗ ಗುಟ್ಟಿನ ಆಚರಣೆ, ಸೇರಿದ ಮೇಲೆ ಅಣ್ಣ ತಮ್ಮ, ಅಕ್ಕ ತಂಗಿ ಎಂಬ ನಂಟು. ಸೇರಿಸಿಕೊಳ್ಳುವ ಹೆಸರಿನಲ್ಲಿ ನಡೆಯುವ ಹಿಂಸೆಗೆ ಅಲ್ಲಿ ಹುಡುಗರು ಸತ್ತದ್ದೂ ಇದೆ. ನಮ್ಮ ರ‍್ಯಾಗಿಂಗ್‌ನಂತೆ ಅದೂ ಕ್ಷಮಿಸುವಂಥದ್ದಲ್ಲ. ಪದವಿ ಮುಗಿದ ಮೇಲೆ ಅನೇಕರು ‘ಕಾಲೇಜಿನಲ್ಲಿ ಇಂಥ ಕೂಟದಲ್ಲಿದ್ದೆ’ ಎನ್ನುತ್ತಾರೆ. ಕಪ್ಪು ಜನ ಕಟ್ಟಿದ ಕೂಟಗಳಲ್ಲಿ ಮಾತ್ರ ‘ಇದ್ದೆ’ ಎಂದರೆ ತಪ್ಪು. ಅಲ್ಲಿ ಸದಸ್ಯತ್ವ ಸಾಯುವವರೆಗೆ. 1906ರಲ್ಲಿ ಕಾರ್ನೆಲ್‌ನಲ್ಲಿ ಏಳು ಹುಡುಗರು ಕಟ್ಟಿದ ಆಲ್ಫಾ ಫೈ ಆಲ್ಫಾ, 1908ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಕಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಇಂಥವು. ಪದವೀಧರರಿಗೆಂದೇ ಊರೂರಲ್ಲಿ ಇವುಗಳ ಶಾಖೆಗಳಿವೆ. ಸದಸ್ಯರು ಚಂದಾ ಕಟ್ಟಬೇಕು, ಸಭೆಗೆ ಬರಬೇಕು, ಬಡ ಮಕ್ಕಳ ಓದಿಗೆ ಹಣ ಕೂಡಿಸಬೇಕು. ಕಮಲಾ ಹ್ಯಾರಿಸ್ ಹಾವರ್ಡ್‌ನಲ್ಲಿ ಪದವಿ ಪಡೆದದ್ದು 1986ರಲ್ಲಿ. 2020ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ದೇಶದ ಮುಂದೆ ನಿಂತಾಗ ಅವರು ತಮ್ಮ ಕುಟುಂಬದವರನ್ನು ನೆನೆಯುತ್ತ ಅದೇ ಸಾಲಿನಲ್ಲಿ ಆಲ್ಫಾ ಕಪ್ಪಾ ಆಲ್ಫಾದ ಹೆಸರನ್ನೂ ಹೇಳಿದರು.

ಬಿಳಿಯರ ಕೂಟಗಳ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ ಕಪ್ಪು ಜನ ಕಟ್ಟಿಕೊಂಡ ಮನೆ ಅದು. ಹೊರಗೆ ನಿಂತವರು ಕಟ್ಟಿದ ಮನೆಯನ್ನು ಅಷ್ಟು ಸುಲಭವಾಗಿ ಯಾರೂ ಬಿಟ್ಟು ಹೋಗುವುದಿಲ್ಲ.

1906, 1908ರ ಆ ವರ್ಷಗಳನ್ನು ನಮ್ಮ ಕಡೆ ತಂದಿಟ್ಟು ನೋಡಿ. ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905ರದು, ಒಕ್ಕಲಿಗರ ಸಂಘ 1906ರದು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಪೇಟೆಯಲ್ಲಿ ಕೋಣೆ ಸಿಗುತ್ತಿರಲಿಲ್ಲ, ಊಟವೂ ಸಿಗುತ್ತಿರಲಿಲ್ಲ. ವಾರಾನ್ನದ ಮನೆಗಳೂ ಎಲ್ಲ ಜಾತಿಯ ಹುಡುಗರನ್ನು ಒಳಗೆ ಕರೆಯುತ್ತಿರಲಿಲ್ಲ. ಹಾಗಾಗಿ ಹಾಸ್ಟೆಲುಗಳೇ ನಮ್ಮ ಫ್ರೆಟರ್ನಿಟಿಗಳಾದವು. ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಹಾಸ್ಟೆಲಿನಲ್ಲಿ ಇದ್ದುಕೊಂಡು ಸೆಂಟ್ರಲ್ ಕಾಲೇಜಿಗೆ ಹೋಗುತ್ತಿದ್ದ ಒಬ್ಬ ವಿದ್ಯಾರ್ಥಿ, ಅದಕ್ಕೂ ಮೊದಲು ಸಿದ್ಧಗಂಗಾ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು, 1930ರಲ್ಲಿ ಆ ಮಠದ ಉತ್ತರಾಧಿಕಾರಿಯಾದರು. ಆ ವಿದ್ಯಾರ್ಥಿಯೇ ಶಿವಕುಮಾರ ಸ್ವಾಮೀಜಿ. ಅವರು 2019ರ ಜನವರಿಯಲ್ಲಿ ಕಣ್ಣುಮುಚ್ಚುವ ಹೊತ್ತಿಗೆ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ತಾನು ಉಂಡ ಪಂಕ್ತಿಯಲ್ಲಿ ಬಡಿಸಲು ನಿಂತವರು ಅವರು. ಸಿದ್ಧಗಂಗೆಯಲ್ಲಿ ಓದಿದ ಮೇಷ್ಟರು, ಗುಮಾಸ್ತರು, ಅಧಿಕಾರಿಗಳು ಇಂದಿಗೂ ‘ನಾವು ಮಠದ ಹುಡುಗರು’ ಎನ್ನುತ್ತಾರೆ. ತಲೆ ನರೆತರೂ ಹುಡುಗರೇ. ಜಾತಿಯ ಹೆಸರಿನ ಹಾಸ್ಟೆಲುಗಳು ಮುಂದೆ ಬೇರೆಯವರಿಗೆ ಬಾಗಿಲು ಮುಚ್ಚಿದ ಸಂದರ್ಭಗಳನ್ನು ನಾನು ಮರೆತಿಲ್ಲ. ಆದರೆ ಅವುಗಳನ್ನು ಕಟ್ಟಿಸಿದ್ದು ಹಸಿವು.

ಕೊಡಗಿನ ಕತೆ ಇನ್ನೊಂದು ಬಗೆ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಬಂದದ್ದು 1949ರಲ್ಲಿ, ಗೋಣಿಕೊಪ್ಪಲಿನ ಕಾವೇರಿ ಕಾಲೇಜು 1968ರಲ್ಲಿ. 1949ಕ್ಕೂ ಮೊದಲು ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದವರೆಲ್ಲ ಮಂಗಳೂರು, ಮೈಸೂರು, ಬೆಂಗಳೂರು, ಮದರಾಸಿಗೆ ಹೋಗಲೇಬೇಕಿತ್ತು. ಆದರೆ ಇಲ್ಲಿಂದ ಹೋದ ಕೊಡವ ಹುಡುಗ ಹೋಗುವಾಗಲೇ ಒಂದು ಕೂಟದವನಾಗಿದ್ದ. ಅವನ ಹೆಸರಿನ ಮೊದಲ ಅಕ್ಷರವೇ ಅದನ್ನು ಹೇಳುತ್ತಿತ್ತು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ಹೆಸರಿನಲ್ಲೂ ಇರುವ ‘ಕೆ’ ಕೊಡಂದೇರ. ಒಕ್ಕ ನಮ್ಮನ್ನು ಬಿಡದೆ ಕೇಳುತ್ತಲೇ ಇರುತ್ತದೆ: ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ ಬಾ, ಕಾರಣವರಿಗೆ, ಅಂದರೆ ಪೂರ್ವಜರಿಗೆ, ಎಡೆ ಇಡುವ ದಿನ ತಪ್ಪಿಸಬೇಡ, ಸಾವಿಗೆ ಹೆಗಲು ಕೊಡು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಕುಟುಂಬಗಳ ತಂಡ ಕೂಡಿಸಿ ಹಾಕಿ ಹಬ್ಬ ಶುರುಮಾಡಿದಾಗ ಅವರು ಮಾಡಿದ್ದೂ ಇದನ್ನೇ. ಊರು ಬಿಟ್ಟವರನ್ನು ಒಕ್ಕದ ಹೆಸರಿನಲ್ಲಿ ಮತ್ತೆ ಮೈದಾನಕ್ಕೆ ಕರೆದರು. 2024ರಲ್ಲಿ ನಾಪೋಕ್ಲುವಿನಲ್ಲಿ ಅದೇ ಹಬ್ಬ ಕುಂಡ್ಯೋಳಂಡ ಕಪ್ ಆಗಿ ನಡೆದಾಗ 360 ತಂಡಗಳಿದ್ದವು.

ಕೊಡವರ ಎರಡನೆಯ ಕೂಟ ಪಲ್ಟನ್, ಅಂದರೆ ಸೇನೆ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು 1953ರಲ್ಲಿ. 1965ರ ಯುದ್ಧದಲ್ಲಿ ಅವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದ ಕೈಗೆ ಸೆರೆಸಿಕ್ಕರು. ಆಗ ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುಗಡೆ ಮಾಡುವ ಮಾತು ಅವರ ಕಡೆಯಿಂದ ಬಂದಾಗ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲ ತನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದರು. ಈ ಪ್ರಸಂಗವನ್ನು ಕೊಡಗಿನಲ್ಲಿ ದೊಡ್ಡತನದ ಕತೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಎರಡು ಸದಸ್ಯತ್ವಗಳ ತಿಕ್ಕಾಟ. ದೇಶ ಒಡೆದು ಹದಿನೆಂಟು ವರ್ಷ ಕಳೆದರೂ ಹಳೆಯ ಸೇನೆಯ ನಂಟು ಅಯೂಬರಲ್ಲಿ ಉಳಿದಿತ್ತು, ಅದು ಒಂದು ಉಪಕಾರವಾಗಿ ಬಂತು. ಕಾರ್ಯಪ್ಪನವರಲ್ಲಿಯೂ ಸೇನೆಯ ನಂಟು ಉಳಿದಿತ್ತು, ಅದು ಕರ್ತವ್ಯವಾಗಿ ಬಂತು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದವರಿಂದ ಸೇನೆ ಅಷ್ಟು ದೊಡ್ಡದನ್ನು ಕೇಳಿತು. ಅವರು ಕೊಟ್ಟರು.

ಇದನ್ನೆಲ್ಲ ಯೋಚಿಸಿದಾಗ ಈಗಿನ ವಾಟ್ಸ್ಆ್ಯಪ್ ಬ್ಯಾಚ್ ಗುಂಪುಗಳ ಬಗ್ಗೆ ಅಳುಕು ಹುಟ್ಟುತ್ತದೆ. ಹುಟ್ಟುಹಬ್ಬಕ್ಕೆ ಹೂಗುಚ್ಛದ ಚಿತ್ರ, ಸಾವಿಗೆ ಕೈಮುಗಿದ ಚಿತ್ರ. ಗುಂಪಿನಲ್ಲಿ ಎಲ್ಲರೂ ಇದ್ದಾರೆ, ಆದರೆ ಗುಂಪು ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಒಬ್ಬ ಗೆಳೆಯನ ಆಸ್ಪತ್ರೆ ಖರ್ಚಿಗೆ ಹಣ ಕೂಡಿಸಿದ ವಾರ ಅದೇ ಗುಂಪು ಹೇಗೆ ಬದಲಾಗುತ್ತದೆಂದು ಅಂಥ ಗುಂಪಿನಲ್ಲಿರುವವರಿಗೆ ಗೊತ್ತು.

ಕರೆಯೇ ಬಾರದವರೂ ಇದ್ದಾರೆ. ತೋಟದ ಲೈನ್‌ಮನೆಗಳಿಂದ, ಯರವ ಮತ್ತು ಜೇನುಕುರುಬ ಹಾಡಿಗಳಿಂದ ಆಶ್ರಮ ಶಾಲೆಗೆ, ಸರ್ಕಾರಿ ಹಾಸ್ಟೆಲಿಗೆ ಹೋದ ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ವರ್ಷಗಟ್ಟಲೆ ಜೊತೆಯಾಗಿ ಮಲಗಿದವರು. ಅಲ್ಲಿಂದ ಹೊರಬಂದ ಮೇಲೆ ಅವರನ್ನು ಯಾರೂ ಪಟ್ಟಿಮಾಡಿ ಕರೆಯುವುದಿಲ್ಲ. ಹೀಗಾಗಿ ಅವರ ಬಾಯಲ್ಲಿ ಬರುವುದು ‘ಹಾಸ್ಟೆಲಲ್ಲಿದ್ದೆ’ ಎಂಬ ಮಾತು ಮಾತ್ರ. ಇವತ್ತು ಅದೇ ಹಾಸ್ಟೆಲಿನಲ್ಲಿರುವ ಹುಡುಗಿಗೆ ನರ್ಸಿಂಗ್ ಅರ್ಜಿ ತುಂಬಿಸಿಕೊಡಲು ಅಲ್ಲಿಂದಲೇ ಹೋಗಿ ನರ್ಸ್ ಆದವಳೊಬ್ಬಳು ಬಂದರೆ ಎಷ್ಟು ಚೆಂದ. ಅವಳನ್ನು ಕೇಳಿದರೆ ಬಂದೇ ಬರುತ್ತಾಳೆಂದು ನನ್ನ ನಂಬಿಕೆ.

ಹೆಣ್ಣುಮಕ್ಕಳ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಮಂಗಳೂರಿನ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಶುರುವಾದ ಮೇಲೆ ಘಟ್ಟ ಇಳಿದು ಅಲ್ಲಿಗೆ ಓದಲು ಹೋದ ಕೊಡಗಿನ ಹುಡುಗಿಯರು ಎಷ್ಟೋ ಮಂದಿ. ಕೊಡವ ಮದುವೆಯಲ್ಲಿ ಸಂಬಂಧ ಅಡ್ಕುವ ಶಾಸ್ತ್ರವಿದೆ. ಎರಡೂ ಕಡೆಯ ಪ್ರತಿನಿಧಿಗಳಾದ ಅರುವರು ಎದುರುಬದುರು ನಿಂತು, ಎಲ್ಲರಿಗೂ ಕೇಳುವಂತೆ ಪ್ರಶ್ನೋತ್ತರ ನಡೆಸಿ, ಪುಟ್ಟ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ಹೆಣ್ಣಿನ ಹಕ್ಕನ್ನು ಒಂದು ಒಕ್ಕದಿಂದ ಇನ್ನೊಂದಕ್ಕೆ ಒಪ್ಪಿಸುತ್ತಾರೆ. ಬಿಡುವ ಮನೆ, ಸೇರುವ ಮನೆ ಎರಡೂ ಸಾಕ್ಷಿಯ ಮುಂದೆ ಲೆಕ್ಕ ಒಪ್ಪಿಸುವ ಈ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ. ಆದರೆ ಆ ದಿನದಿಂದ ಅವಳ ಹೆಸರಿನ ಮೊದಲ ಅಕ್ಷರ ಬದಲಾಗುತ್ತದೆ, ವಿಳಾಸವೂ ಬದಲಾಗುತ್ತದೆ. ಕಾಲೇಜಿನ ದಫ್ತರದಲ್ಲಿ ಉಳಿಯುವುದು ತಾಮನೆಯ ಹೆಸರು. ಇಪ್ಪತ್ತೈದು ವರ್ಷದ ನಂತರ ಸಹಪಾಠಿಗಳು ಕೂಡಬೇಕೆಂದು ಪತ್ರ ಹಾಕಿದರೆ ಅದು ಹೋಗಿ ಸೇರುವುದು ಅಣ್ಣನ ಮನೆಗೆ. ಗಂಡಸರ ಹಳೆಯ ವಿದ್ಯಾರ್ಥಿ ಸಂಘಗಳು ಭರ್ತಿಯಾಗಿ, ಹೆಂಗಸರವು ಬಡಕಲಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳು ಈ ವರ್ಷ ಪಟ್ಟಿ ಪರಿಷ್ಕರಿಸುವಾಗ ಹೆಣ್ಣುಮಕ್ಕಳ ಹೆಸರಿನ ಮುಂದೆ ಎರಡೂ ಒಕ್ಕದ ಹೆಸರು ಬರೆಯಲಿ, ಫೋನ್ ನಂಬರ್ ಹುಡುಕಿ ಹಾಕಲಿ. ಹುಡುಕುವುದು ಕಷ್ಟವೇನಲ್ಲ. ಅಮ್ಮತ್ತಿ, ಪಾಲಿಬೆಟ್ಟ, ಸಿದ್ದಾಪುರದ ಯಾವ ಅಜ್ಜಿಯನ್ನು ಕೇಳಿದರೂ ಯಾರ ಮಗಳು ಯಾವ ಮನೆಗೆ ಹೋದಳೆಂದು ಕೂತಲ್ಲೇ ಹೇಳುತ್ತಾರೆ.