ಮುಖ ನೋಡಿ ಮತ?

‘ಮುಖ ನೋಡಿ ಮಣೆ ಹಾಕುವುದು’ ಎಂಬ ಮಾತು ನಮ್ಮಲ್ಲಿ ಹಳೆಯದು. ಬಂದವರ ಯೋಗ್ಯತೆಯನ್ನು ವಿಚಾರಿಸದೆ ತೋರಿಕೆಗೆ ತಕ್ಕಂತೆ ಸತ್ಕರಿಸುವವರನ್ನು ಕುರಿತ ವ್ಯಂಗ್ಯವದು. ಮಣೆ ಹಾಕುವಾಗ ಎಡವಿದರೆ ಒಂದು ಹೊತ್ತಿನ ಊಟದ ಮರ್ಯಾದೆ ಕೆಟ್ಟೀತು. ಮತ ಹಾಕುವಾಗ ಎಡವಿದರೆ ಐದು ವರ್ಷ ಅನುಭವಿಸಬೇಕು.

ಮುಖ ನೋಡಿ ಮತ ಹಾಕುವವರುಂಟೆ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು ಅಲ್ಲಿನ ಸೆನೆಟ್ ಚುನಾವಣೆಗಳಲ್ಲಿ ಎದುರಾಳಿಗಳಾಗಿದ್ದವರ ಭಾವಚಿತ್ರಗಳನ್ನು, ಅವರನ್ನು ಗುರುತಿಸಲಾರದ ಜನರಿಗೆ ತೋರಿಸಿ, ಇಬ್ಬರಲ್ಲಿ ಯಾರು ಹೆಚ್ಚು ಸಮರ್ಥರಾಗಿ ಕಾಣುತ್ತಾರೆಂದು ಕೇಳಿದರು. ಸುಮಾರು ಶೇ. ೭೦ರಷ್ಟು ಸ್ಪರ್ಧೆಗಳಲ್ಲಿ ಸಮರ್ಥರಂತೆ ಕಂಡವರೇ ಗೆದ್ದವರಾಗಿದ್ದರು. ಈ ಅಧ್ಯಯನ ಪ್ರಕಟವಾದದ್ದು ೨೦೦೫ರಲ್ಲಿ. ನಾಲ್ಕು ವರ್ಷಗಳ ಬಳಿಕ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸ್ವಿಟ್ಜರ್‌ಲೆಂಡಿನ ೫ರಿಂದ ೧೩ ವರ್ಷದ ಮಕ್ಕಳಿಗೆ ಫ್ರಾನ್ಸಿನ ಅಭ್ಯರ್ಥಿಗಳ ಚಿತ್ರಗಳನ್ನು ತೋರಿಸಿ, ‘ನಿಮ್ಮ ಹಡಗಿಗೆ ನಾಯಕರಾಗಿ ಯಾರಿರಲಿ?’ ಎಂದು ಕೇಳಲಾಯಿತು. ಮಕ್ಕಳ ಆಯ್ಕೆಯೂ ಬಹುಮಟ್ಟಿಗೆ ಗೆದ್ದವರತ್ತಲೇ ಬೆರಳು ತೋರಿತು. ಮುಖವೊಂದರಿಂದಲೇ ಚುನಾವಣೆ ಗೆಲ್ಲುತ್ತಾರೆಂದು ಇದರ ಅರ್ಥವಲ್ಲ. ಆದರೆ ಸಾಮರ್ಥ್ಯವನ್ನು ತೂಗುತ್ತಿದ್ದೇವೆಂದು ನಂಬಿರುವ ನಾವು ಎಷ್ಟೋ ವೇಳೆ ತೂಗುತ್ತಿರುವುದು ಮುಖವನ್ನೇ ಇರಬಹುದು.

ನಮ್ಮ ಮುಂದೆ ಬರುವ ಮುಖವಾದರೂ ಯಾವುದು? ಒಂದು ಗಂಟೆಯ ಭಾಷಣದಲ್ಲಿ ಛಾಯಾಗ್ರಾಹಕ ನೂರು ಚಿತ್ರ ತೆಗೆದಾನು. ಒಂದರಲ್ಲಿ ನಾಯಕ ಕೈಯೆತ್ತಿ ಆಕಾಶ ನೋಡುತ್ತಾನೆ, ಇನ್ನೊಂದರಲ್ಲಿ ಆಕಳಿಸುತ್ತಾನೆ, ಮತ್ತೊಂದರಲ್ಲಿ ಹುಬ್ಬು ಗಂಟಿಕ್ಕುತ್ತಾನೆ. ಎಲ್ಲವೂ ನಿಜವಾದ ಚಿತ್ರಗಳೇ. ಅಚ್ಚಾಗುವುದು ಮಾತ್ರ ಒಂದು. ‘ಈತ ಅಹಂಕಾರಿ’ ಎಂದು ಪತ್ರಿಕೆ ಬರೆದರೆ ಓದುಗ ಆಧಾರ ಕೇಳುತ್ತಾನೆ. ಅದನ್ನೇ ಚಿತ್ರ ಹೇಳಿದಾಗ ಯಾರೂ ಕೇಳುವುದಿಲ್ಲ.

ಇನ್ನು ಸರ್ಕಾರಿ ಜಾಹೀರಾತುಗಳು. ಅವುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಚಿತ್ರಗಳ ಹೊರತು ಬೇರೆ ಚಿತ್ರ ಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೫ರ ಮೇ ತಿಂಗಳಲ್ಲಿ ಆದೇಶಿಸಿತು. ೨೦೧೬ರ ಮಾರ್ಚಿನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿಗಳು ಮತ್ತು ಸಚಿವರ ಚಿತ್ರಗಳಿಗೂ ಅನುಮತಿ ದೊರೆಯಿತು. ಮೊದಲಿನ ಆದೇಶವೇ ಮೇಲಾಗಿತ್ತೆಂದು ನನ್ನ ಅಭಿಪ್ರಾಯ. ಪ್ರಜೆಯ ತೆರಿಗೆಯ ಹಣದಿಂದಲೇ ಪ್ರಜೆಯ ಮನಸ್ಸಿನಲ್ಲಿ ನಗುಮುಖವೊಂದನ್ನು ನೆಡುವುದು ನ್ಯಾಯವಲ್ಲ.

ಹಾಗೆಂದು ಮುಖವನ್ನೇ ಮರೆಮಾಡಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಹೆಸರಿನ ಅಭ್ಯರ್ಥಿಗಳಿಂದ ಗೊಂದಲವಾಗದಿರಲೆಂದು ೨೦೧೫ರಿಂದ ಮತಯಂತ್ರದ ಮತಪತ್ರದಲ್ಲೂ ಅಭ್ಯರ್ಥಿಯ ಭಾವಚಿತ್ರವಿದೆ. ಆದರೆ ಆ ಚಿತ್ರಕ್ಕೆ ಚುನಾವಣಾ ಆಯೋಗದ ಕಟ್ಟುಪಾಡುಂಟು: ಅಂಚೆಚೀಟಿಯಷ್ಟು ಗಾತ್ರ, ನೇರ ನೋಟ, ತೆರೆದ ಕಣ್ಣು, ನಿರ್ಭಾವ ಮುಖ. ಅಲ್ಲಿ ಮುಖ ಗುರುತಿಗಾಗಿ ಇದೆ, ಗುಣಗಾನಕ್ಕಾಗಿ ಅಲ್ಲ.

ಈ ಭೇದವನ್ನು ನಾವೂ ಪಾಲಿಸಬಹುದು. ಪತ್ರಿಕೆ ಕೈಗೆ ಬಂದಾಗ ಚಿತ್ರದ ಮೇಲೆ ಅಂಗೈಯಿಟ್ಟು ಮೊದಲು ಸುದ್ದಿಯನ್ನು ಓದಿ. ಆಮೇಲೆ ಕೈ ತೆಗೆದು, ಈ ಮುಖಕ್ಕೂ ಆ ಸುದ್ದಿಗೂ ತಾಳೆಯಾಗುತ್ತದೆಯೇ ಎಂದು ನೋಡಿ. ಮನೆಯ ಮಕ್ಕಳಿಂದಲೂ ಮಾಡಿಸಿ, ನಾಳಿನ ಮತದಾರರು ಅವರೇ.