ಆಟದ ಯಂತ್ರ ಬಿಸಿಯಾದರೆ

ಕಿಕ್ಕೇರಿಯಲ್ಲಿ ಕುಳಿತೇ ರಾಸ್ಪ್‌ಬೆರಿ ಪೈ, ಪುಟ್ಟ ಪರದೆ, ಲಿಥಿಯಂ ಸೆಲ್ ತರಿಸಿಕೊಂಡು, ಕೈಯಲ್ಲಿ ಹಿಡಿಯುವ ಆಟದ ಯಂತ್ರವನ್ನು ಜೋಡಿಸುವುದು ಇಂದಿನ ವಿದ್ಯಾರ್ಥಿಗೆ ಸಾಧ್ಯ. ಜೋಡಿಸಿದ್ದು ಬಿಸಿಯಾದರೆ? ಬಿಸಿ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ಆಡುವಾಗ ಪ್ರೊಸೆಸರ್ ಬಿಸಿಯಾಗುವುದು ಸಹಜ. ಶಾಖ ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಅಲ್ಯೂಮಿನಿಯಂ ಹೀಟ್ ಸಿಂಕ್ ಅಂಟಿಸಿ, ಡಬ್ಬಿಗೆ ಗಾಳಿಕಿಂಡಿ ಕೊರೆದರೆ ಸಾಮಾನ್ಯವಾಗಿ ಸಾಕು.

ತಂತಿಯೋ ಸೆಲ್ಲೋ ಬಿಸಿಯಾದರೆ ಮಾತ್ರ ಆಟ ಅಲ್ಲಿಗೇ ನಿಲ್ಲಲಿ. ಹರಡಿದ ಬೆಸುಗೆ ಹನಿ ಅಥವಾ ಸುಲಿದ ತಂತಿ ಧನ, ಋಣ ತುದಿಗಳನ್ನು ಕೂಡಿಸಿರಬಹುದು. ಮೊದಲು ಸೆಲ್ ಕಳಚಿ. ಬಳಿಕ ಸರ್ಕ್ಯೂಟ್‌ನ ಆ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಸದ್ದು ನಿಲ್ಲದಿದ್ದರೆ ಶಾರ್ಟ್ ಇದೆಯೆಂದೇ ಅನುಮಾನಿಸಬೇಕು. ಭಾಗಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ. ಯಾವುದನ್ನು ಬಿಡಿಸಿದಾಗ ಸದ್ದು ನಿಂತಿತೋ ದೋಷ ಅಲ್ಲಿದೆ.

ಪೋಷಕರಿಗೊಂದು ಮಾತು. ಲಿಥಿಯಂ ಸೆಲ್ ಟಾರ್ಚಿನ ಸೆಲ್ಲಿನಂತಲ್ಲ. ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನೇ ಕೊಡಿಸಿ. 4.2 ವೋಲ್ಟ್‌ಗೆ ನಿಲ್ಲುವ ಚಾರ್ಜರ್ ಇರಲಿ. ಮನೆಮಂದಿ ಮಲಗಿರುವಾಗ ಚಾರ್ಜ್ ಬೇಡ. ಉಬ್ಬಿದ ಸೆಲ್ಲನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಬಳಸಬೇಡಿ. ಹಾಗೆಂದು ಯಂತ್ರವನ್ನು ಕಸಿದುಕೊಳ್ಳುವುದೂ ಬೇಡ. ದೋಷ ಹುಡುಕುವಾಗ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ.