ಊರು ಬೆಳೆದರೆ ಹಕ್ಕು ಕುಗ್ಗಬೇಕೆ?

ಹಳೇಬೀಡು ಗ್ರಾಮ ಪಂಚಾಯಿತಿಯ ಮತದಾರರಿಗೆ ಬೇಲೂರು, ಅರಸೀಕೆರೆ ಪಟ್ಟಣಗಳವರಿಗಿಲ್ಲದ ಒಂದು ಆಸರೆ ಕಾನೂನಿನಲ್ಲಿದೆ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರಬೇಕು. ಬೀದಿದೀಪ, ಸಾರ್ವಜನಿಕ ನಲ್ಲಿ ಎಲ್ಲಿ ಬರಬೇಕೆಂದು ಜನ ಅಲ್ಲಿ ಸೂಚಿಸಬಹುದು, ಫಲಾನುಭವಿಗಳ ಪಟ್ಟಿಯ ಮೇಲೆ ಬಾಯಿ ಬಿಡಬಹುದು. ಸಭೆಗಳು ನಾಮಕಾವಸ್ತೆ ಮುಗಿಯುತ್ತವೆ ಎಂಬ ದೂರು ರಾಜ್ಯದ ಎಲ್ಲೆಡೆ ಇದೆ, ನಿಜ. ಆದರೂ ಸಭೆ ಯಾಕೆ ಕರೆದಿಲ್ಲ ಎಂದು ಪಿಡಿಒ ಅವರನ್ನು ಕೇಳುವ ದಾರಿಯಾದರೂ ಇದೆ.

ಹದಿನಾರು ಕಿಲೋಮೀಟರ್ ದಾಟಿ ಬೇಲೂರಿಗೆ ಬಂದರೆ ಆ ದಾರಿಯೂ ಮುಚ್ಚಿದೆ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. 2011ರ ಗಣತಿಯಲ್ಲಿ ಅರಸೀಕೆರೆಯ ಜನಸಂಖ್ಯೆ 53 ಸಾವಿರ ಚಿಲ್ಲರೆ, ಬೇಲೂರಿನದು 22 ಸಾವಿರ ಚಿಲ್ಲರೆ. ಉಳಿದ ಊರುಗಳ ಮಾತನ್ನು ಸಂವಿಧಾನ ರಾಜ್ಯದ ವಿವೇಕಕ್ಕೆ ಬಿಟ್ಟಿತು. ರಾಜ್ಯದ ವಿವೇಕ ಎಂಥದೆಂಬುದಕ್ಕೆ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಕಾಣದ ಬೆಂಗಳೂರು ಸಾಕ್ಷಿ.

ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳುತ್ತಿದ್ದ ಬೀದಿಯ ಯಜಮಾನರ ಕಾಲ ಹೋಯಿತೆಂದು ಕೊರಗಬೇಕಿಲ್ಲ. ಆ ಕಟ್ಟೆಯ ಮೇಲೆ ಹೆಂಗಸರಿಗೂ ಕೇರಿಯವರಿಗೂ ಜಾಗವಿರಲಿಲ್ಲ. ಆದರೆ ಅದರ ಜಾಗಕ್ಕೆ ಬಂದದ್ದೇನು? ಗಣಪತಿ ಸಮಿತಿ ಚಂದಾ ಎತ್ತೀತು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಮನವಿ ಪತ್ರ ಕೊಟ್ಟೀತು. ಒಂದು ಚರಂಡಿಯ ಅಂದಾಜುಪಟ್ಟಿಯನ್ನು ತಡೆಯುವ ಅಧಿಕಾರ ಎರಡಕ್ಕೂ ಇಲ್ಲ.

ಬೇಲೂರಿನ ದೇವಾಲಯದ ಆಸುಪಾಸಿನವರ ಪಾಡು ಇನ್ನೂ ಬಿಗಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಆಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಮನೆಯ ದುರಸ್ತಿಗೂ ಅನುಮತಿ ಬೇಕು. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಶಿಲ್ಪ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಬೆಲೆ ತೆರುತ್ತಿರುವ ಬೀದಿಯನ್ನು ಕೂರಿಸಿಕೊಂಡು ಕೇಳುವ ಕಾಯಂ ವೇದಿಕೆ ಪುರಸಭೆಯಲ್ಲಿ ಇರಲೇಬೇಕು.

ನಾಳೆ ಹಳೇಬೀಡು ಪಟ್ಟಣ ಪಂಚಾಯಿತಿಯಾದರೆ ಅಲ್ಲಿಯ ವಾರ್ಡ್ ಸಭೆಯೂ ಹೋಗುತ್ತದೆ. ಬಡ್ತಿಯ ಹೆಸರಿನಲ್ಲಿ ಹಕ್ಕು ಕಸಿಯುವ ಈ ವ್ಯವಸ್ಥೆ ಅನ್ಯಾಯ. 1964ರ ಪುರಸಭೆಗಳ ಅಧಿನಿಯಮಕ್ಕೆ ತಿದ್ದುಪಡಿ ತಂದು, ಜನಸಂಖ್ಯೆ ಎಷ್ಟೇ ಇರಲಿ, ಪ್ರತಿ ವಾರ್ಡಿಗೂ ಸಭೆಯನ್ನು ಕಡ್ಡಾಯ ಮಾಡಬೇಕು. ಅದರ ನಡಾವಳಿಗೆ ಲಿಖಿತ ಉತ್ತರ ಕೊಡುವ ಹೊಣೆ ಮುಖ್ಯಾಧಿಕಾರಿ, ಪೌರಾಯುಕ್ತರ ಮೇಲಿರಬೇಕು. ಪುರಸಭೆ, ನಗರಸಭೆಗಳ ಸದಸ್ಯರು ಅಲ್ಲಿಯವರೆಗೆ ಬೆಂಗಳೂರಿನತ್ತ ಬೆರಳು ತೋರಿಸಿ ಕೂರುವುದು ಬೇಡ. ಸ್ವಂತ ವಾರ್ಡಿನ ಜನರನ್ನು ಶಾಲೆಯ ಅಂಗಳಕ್ಕೆ ಕರೆದು ಕಾಮಗಾರಿಯ ಲೆಕ್ಕ ಓದಲು ಯಾವ ತಿದ್ದುಪಡಿಯೂ ಬೇಕಿಲ್ಲ.